ಬಳೆ ತೊಡಿಸುವ ಕೈ

ಗೆಳೆಯರೇ, ಇವತ್ತು ಇಲ್ಲಿ ಅಮೆರಿಕದ ಮನ್ರೋದಲ್ಲಿ ಗೆಳತಿಯ ಸೀಮಂತ. ಐಸೆಲಿನ್‌ನ ಇಂಡಿಯನ್ ಅಂಗಡಿಯಿಂದ ತಂದ ಹಸಿರು ಗಾಜಿನ ಬಳೆಗಳನ್ನು ಸರೋಜಾ ಆಂಟಿ ಬಂದ ಹೆಂಗಸರಿಗೆಲ್ಲ ತೊಡಿಸುತ್ತಿದ್ದರು. ಒಬ್ಬೊಬ್ಬರ ಕೈಯನ್ನೂ ಒತ್ತಿ, ಮೆತ್ತಗೆ ಮಾಡಿ, ಮಾತಾಡಿಸುತ್ತಾ ತೊಡಿಸುತ್ತಿದ್ದರು. ನನ್ನ ಸರದಿ ಬಂತು. ಸೋರಿಯಾಸಿಸ್‌ನಿಂದ ಕೆಂಪಾಗಿ ಪೊರೆ ಎದ್ದ ನನ್ನ ಕೈ ಕಂಡದ್ದೇ, ಬಳೆಗಳನ್ನು ಪೇಪರ್ ಪ್ಲೇಟಿಗೆ ಹಾಕಿ ನನ್ನತ್ತ ತಳ್ಳಿದರು.

"ನೀನೇ ಹಾಕ್ಕೊಂಬಿಡಮ್ಮ. ಬಸುರಿ ಹುಡುಗಿ ಇರೋ ಮನೆ ನೋಡು."

"ಆಂಟಿ, ಇದು ಅಂಟೋ ಕಾಯಿಲೆ ಅಲ್ಲ. ಡಾಕ್ಟರೇ ಹೇಳಿದಾರೆ."

"ಡಾಕ್ಟರ್ ಏನೋ ಹೇಳ್ತಾರೆ ಬಿಡು. ನಮ್ಮ ಹುಷಾರಲ್ಲಿ ನಾವಿರಬೇಕು."

ಡಾಕ್ಟರು ಬರೀ ಹೇಳಲಿಲ್ಲ. ಸೋಮವಾರ ಆಕೆ ಗ್ಲೌಸ್ ಹಾಕದೆ ನನ್ನ ಎರಡೂ ಕೈ ಹಿಡಿದು, ಒಂದೊಂದು ಬೆರಳನ್ನೂ ತಿರುಗಿಸಿ ನೋಡಿದರು. ಪೂರ್ತಿ ಹೋಗದಿದ್ದರೂ ಹತೋಟಿಯಲ್ಲಿಡಬಹುದು ಎಂದು ಮುಲಾಮು ಬರೆದುಕೊಟ್ಟರು. ಯಾರಾದರೂ ನನ್ನ ಕೈಯನ್ನು ಅಷ್ಟು ಹೊತ್ತು ಹಿಡಿದು ಎಷ್ಟು ಕಾಲವಾಗಿತ್ತೋ!

ಒಬ್ಬಳೇ ತೊಡಲು ಹೋಗಿ ಎರಡು ಬಳೆ ಒಡೆದೆ. ಉಳಿದವು ಪರ್ಸಿನಲ್ಲಿವೆ. ಮುಂದಿನ ಅಪಾಯಿಂಟ್‌ಮೆಂಟ್ ಇನ್ನು ಮೂರು ತಿಂಗಳಿಗೆ. ಆ ಅಮೆರಿಕನ್ ಡಾಕ್ಟರಿಗೇ ಬಳೆ ತೊಡಿಸುವುದನ್ನು ಕಲಿಸಬೇಕು.