ಬುಧವಾರದ ಹಾಳೆ

ತಗಡು ಒತ್ತಿ ಬಾಗಿಲ ಕೀಲು ತಯಾರಿಸುವ ಆ ಕಾರ್ಖಾನೆಯಲ್ಲಿ ಅವನಿಗೆ ಎಲ್ಲರೂ ಇಟ್ಟ ಹೆಸರು 'ಟಿಕ್ ಸಾಹೇಬ'. ಹದಿನೆಂಟು ವರ್ಷದಿಂದ ಗುಣಮಟ್ಟ ವಿಭಾಗದ ತಪಾಸಣೆಗಾರ. ದಿನವೂ ಪಾಳಿಗೆ ಮುಂಚೆ ಹನ್ನೊಂದು ಪ್ರೆಸ್ಸುಗಳ ತುರ್ತು ಗುಂಡಿ ಒತ್ತಿ, ಯಂತ್ರ ನಿಲ್ಲುತ್ತದೆಯೇ ನೋಡಿ, ಹಾಳೆಯಲ್ಲಿ ಟಿಕ್ ಗುರುತು ಹಾಕುವುದು ಅವನ ಕೆಲಸ. ನೋಡುವುದಕ್ಕೆ ಪುರುಸೊತ್ತು ಯಾರಿಗಿತ್ತು? ಸೋಮವಾರ ಬೆಳಗ್ಗೆಯೇ ಇಡೀ ವಾರದ ಹಾಳೆಯನ್ನು ಮೂರು ಪೆನ್ನುಗಳಲ್ಲಿ ತುಂಬಿಬಿಡುತ್ತಿದ್ದ. ಒಂದು ದೋಷವೂ ಇಲ್ಲದ ಹಾಳೆ ಕಂಡರೆ ಹೊರಗಿನ ಪರೀಕ್ಷಕರು ಅನುಮಾನಪಡುತ್ತಾರೆಂದು, ವಾರಕ್ಕೊಂದು ಸುಳ್ಳು ದೋಷವನ್ನೂ ಅದರ ರಿಪೇರಿಯನ್ನೂ ಸೇರಿಸುತ್ತಿದ್ದ. ಇದನ್ನು ಮೋಸ ಎಂದರೆ ಅವನಿಗೆ ಮೈಯೆಲ್ಲ ಉರಿ. ಕಂಪನಿಯ ವ್ಯವಸ್ಥೆ ಎಷ್ಟು ಮಾಗಿದೆ ಎಂದು ಆ ಪರೀಕ್ಷಕರು ಅಳೆಯುವ ಐದು ಮೆಟ್ಟಿಲುಗಳಲ್ಲಿ ಕಂಪನಿ ಮೂರನೆಯದನ್ನು ಏರಿದ್ದೇ ಅವನ ಕಡತಗಳ ಬಲದಿಂದ. ಈ ತಿಂಗಳು ನಾಲ್ಕನೆಯದರ ಪರೀಕ್ಷೆ.

ಆ ವಾರ ಸುಳ್ಳು ದೋಷದ ಸರದಿ ಏಳನೇ ಪ್ರೆಸ್ಸಿನದು. 'ಬುಧವಾರ: ಗುಂಡಿ ಸಡಿಲ, ಹೊಸದು ಹಾಕಿಸಿದೆ' ಎಂದು ಬರೆದ. ಏಳನೇ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದವನು ಅವನ ಸ್ವಂತ ತಮ್ಮ.

ಬುಧವಾರ ಹತ್ತೂವರೆಗೆ ತಗಡು ಸಿಕ್ಕಿಕೊಂಡಿತು. ತಮ್ಮ ಗುಂಡಿ ಒತ್ತಿ, ಬಿಡಿಸಲು ಬಲಗೈ ಹಾಕಿದ. ಪ್ರೆಸ್ ಇಳಿಯಿತು. ಐದು ಬೆರಳೂ ಹೋದವು.

ತಮ್ಮನನ್ನು ಆಸ್ಪತ್ರೆಗೆ ಸೇರಿಸಿ ಬಂದ ಟಿಕ್ ಸಾಹೇಬನ ಅಂಗಿಯ ರಕ್ತ ಇನ್ನೂ ಒಣಗಿರಲಿಲ್ಲ, ಮ್ಯಾನೇಜರ್ ಕರೆದ. "ಗುರುವಾರ, ಶುಕ್ರವಾರದ್ದೂ ಆಗ್ಲೇ ತುಂಬಿದೀಯಲ್ಲಯ್ಯ! ಯಾರಾದ್ರೂ ನೋಡಿದ್ರೆ ಏನು ಗತಿ? ಹೊಸ ಹಾಳೆಗೆ ಇಳಿಸು." ಅವನು ಬುಧವಾರದವರೆಗೆ, ಆ ಸುಳ್ಳು ದೋಷವನ್ನೂ ಬಿಡದೆ, ನಕಲು ಮಾಡಿ, ಹಳೆಯದನ್ನು ಹರಿದು ಹಾಕಿದ. ಹದಿನೆಂಟು ವರ್ಷದ ಅಭ್ಯಾಸ, ಹಾಳಾದ್ದು! ಸಂಜೆಯೊಳಗೆ ಪ್ರೆಸ್ಸಿಗೆ ನಿಜವಾಗಿಯೂ ಹೊಸ ಗುಂಡಿ ಬಂದಿತ್ತು.

ವಿಚಾರಣೆಯ ದಿನ ತಮ್ಮನ ಹೆಂಡತಿ ಬಾಗಿಲಲ್ಲೇ ತಡೆದಳು. "ಭಾವ, ತಪ್ಪು ಇವರದ್ದು ಅಂತಾದ್ರೆ ಕೆಲಸದಿಂದ ತೆಗೀತಾರಂತೆ. ಒಂದೇ ಕೈ ಇರೋರನ್ನ ಬೇರೆ ಯಾರು ಸೇರಿಸ್ಕೋತಾರೆ?"

ಅವನು ಒಳಗೆ ಹೋಗಿ ಎಲ್ಲವನ್ನೂ ಒದರಿಬಿಟ್ಟ: ಗುಂಡಿ ನೋಡಿಲ್ಲ, ಬದಲಾಯಿಸಿಲ್ಲ, ಬರೆದದ್ದೆಲ್ಲ ಬುರುಡೆ.

ತನಿಖಾಧಿಕಾರಿ ಹಾಳೆಯನ್ನು ಅವನತ್ತ ತಿರುಗಿಸಿದರು. "ಸಹಿ ನಿಮ್ಮದೇ ಅಲ್ವಾ? ದಿನಾಂಕ, ಗಂಟೆ ಎಲ್ಲ ಇದೆ. ನೋಡಿಲ್ಲ ಅನ್ನೋಕೆ ಏನು ಆಧಾರ?"

ಆಧಾರವನ್ನು ಅವನೇ ಹರಿದಿದ್ದ. ಒಡಹುಟ್ಟಿದವನ ಸಂಕಟ ಅರ್ಥವಾಗುತ್ತದೆ ಎಂದು ಅವರು ಮೆತ್ತಗೆ ಹೇಳಿ, 'ಕಾರ್ಮಿಕನ ಅಜಾಗರೂಕತೆ' ಎಂದು ಬರೆದರು. ಅದೇ ವಾರ ಕಂಪನಿಗೆ ನಾಲ್ಕನೆಯ ಮೆಟ್ಟಿಲೂ ಸಿಕ್ಕಿತು.

ಆಸ್ಪತ್ರೆಯಲ್ಲಿ ತಮ್ಮ ಆ ವರದಿಯನ್ನು ಎರಡೆರಡು ಸಲ ಓದಿದ. ಅಣ್ಣ ಮಂಚದ ಪಕ್ಕ ಕುಳಿತು, "ಸುಳ್ಳು ಬರೆದೋನು ನಾನು ಕಣೋ, ಒಪ್ಕೋಬೇಡ" ಎಂದು ಗೋಗರೆದ.

"ನನ್ನ ಉಳಿಸೋಕೆ ನಿನ್ನ ಮೇಲೆ ಹಾಕ್ಕೋಬೇಡ ಅಣ್ಣ" ಎಂದ ತಮ್ಮ. "ನೀನು ನೋಡದೆ ಬರೆಯೋನಲ್ಲ. ನಾನೇ ಸರಿಯಾಗಿ ಒತ್ತಲಿಲ್ವೇನೋ." ಎಡಗೈಯ ಹೆಬ್ಬೆಟ್ಟನ್ನು ಶಾಯಿಗೆ ಅದ್ದಿ, ವರದಿಯ ಕೆಳಗೆ ಗಟ್ಟಿಯಾಗಿ ಒತ್ತಿದ.