ಹುಳಿ ಹಾಕಿ ತಿಕ್ಕಿದ ನಾಣ್ಯ

ಕುಂದಾಪುರದಲ್ಲಿ ನಾಣ್ಯ ಪ್ರದರ್ಶನವಿದ್ದ ದಿನ ನಾನು ತಿಂಡಿಯನ್ನೂ ಬಿಟ್ಟು ಓಡುತ್ತಿದ್ದೆ. ಹಾಲ್‌ನ ಬಾಗಿಲಲ್ಲೇ ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಹಿರಿಯ ಸಂಗ್ರಾಹಕರೊಬ್ಬರ ದನಿ ಕೇಳುತ್ತಿತ್ತು: "ಹ್ವಾಯ್, ತಿಕ್ಕೂಕಾಗ!" ತಿಕ್ಕಬಾರದು, ತಿಕ್ಕಿದರೆ ಹಳೆ ನಾಣ್ಯದ ಕಾಲದ ಕಪ್ಪೂ ಬೆಲೆಯೂ ಹೋಯಿತೆಂದು ನಮ್ಮಂಥ ಸಂಗ್ರಾಹಕರನ್ನೆಲ್ಲ ಗದರುವರು. ತಾವು ಮಾತ್ರ ನಾಣ್ಯವನ್ನು ಬಿಸಿ ನೀರುದೋಸೆಯಂತೆ ಅಂಚಿನಲ್ಲೇ ಹಿಡಿಯುವರು.

ಒಮ್ಮೆ ಬೀಜಾಡಿಯ ಅಜ್ಜಿಯೊಬ್ಬರು ಅವರೆದುರು ಸೆರಗಿನ ಗಂಟು ಬಿಚ್ಚಿದರು. ನಾವೆಲ್ಲ ವರ್ಷಗಟ್ಟಲೆ ಹುಡುಕುತ್ತಿದ್ದ ತಾಮ್ರದ ನಾಣ್ಯ! ಆದರೆ ಫಳಫಳ ಹೊಳೆಯುತ್ತಿತ್ತು.

"ನಿಮ್ಗ್ ತೋರ್ಸುಕಂದೇಳಿ ನಿನ್ನೆ ಹುಣ್ಸೆಹುಳಿ ಹಾಕಿ ತಿಕ್ದೆ," ಎಂದರು ಅಜ್ಜಿ ಹೆಮ್ಮೆಯಿಂದ.

ಈಗ ದೋಣಿಯವರು ಸಿಡಿಯುತ್ತಾರೆಂದು ನಾನು ಅಜ್ಜಿಯ ಪಕ್ಕಕ್ಕೆ ಸರಿದೆ. ಅವರು ನಾಣ್ಯವನ್ನು ಅಂಚಿನಲ್ಲೇ ಎತ್ತಿ, ತಮ್ಮ ಮೇಜಿನ ನಟ್ಟನಡುವೆ ಇಟ್ಟು, ಇಡೀ ಹಾಲ್‌ಗೆ ಕೇಳುವಂತೆ ಕೂಗಿದರು: "ಹ್ವಾಯ್, ಎಲ್ರೂ ಬನಿ! ಎಂತಾ ಹೊಳಪ್ ಕಾಣಿ!"