ಕೊನೆಯ ತುತ್ತು ಹಿಡಿದು ಕೂತವಳು

ಅಕ್ಕನ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಎಂದೋ ಹೊಲಿಗೆ ಮೆಷಿನ್ನಿನ ಸೂಜಿ ಹೊಕ್ಕ ಗುರುತು. ಆ ಬೆರಳಲ್ಲೇ ಅವಳು ಮುದ್ದೆಯ ಕೊನೆಯ ತುತ್ತನ್ನು ಹಿಡಿದು ಕೂತಿರುತ್ತಿದ್ದಳು. ಸಾರು ಬೆರಳ ಮೇಲೆ ಒಣಗಿದರೂ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ನನ್ನ ಪಕ್ಕದ ಮೆಷಿನ್ನು ಅವಳದು. ನೆಂಟಸ್ತಿಕೆಯೇನೂ ಇಲ್ಲ, ವಯಸ್ಸು ನೋಡಿ ಅಕ್ಕ ಎಂದೆ, ಅಕ್ಕನೇ ಆಗಿಬಿಟ್ಟಳು. ನಾನೋ ಮೊದಲಿನಿಂದಲೂ ನಿಧಾನಕ್ಕೆ ಉಣ್ಣುವವಳು. "ಇವ್ಳು ಉಂಡು ಏಳೋ ಒತ್ಗೆ ನಾಟಿ ಆಕಿದ್ ಬತ್ತ ಕುಯ್ಲಿಗೆ ಬತ್ತದೆ" ಎಂದು ನಮ್ಮತ್ತೆ ಆಡಿಕೊಳ್ಳುತ್ತಿದ್ದರು. ಫ್ಯಾಕ್ಟರಿಯಲ್ಲಿ ಊಟಕ್ಕೆ ಅರ್ಧ ಗಂಟೆ. ಮೊದಲ ದಿನ ದುಂಡಗೆ ಕೂತಿದ್ದ ಹೆಂಗಸರೆಲ್ಲ ಗಬಗಬ ಉಂಡು, ಡಬ್ಬಿ ತೊಳೆಯಲು ನಲ್ಲಿಗೆ ಓಡಿದರು. ಒಬ್ಬಳೇ ಉಳಿದೆನಲ್ಲ ಎಂಬ ನಾಚಿಕೆಗೆ ಅರ್ಧ ಊಟದಲ್ಲೇ ಡಬ್ಬಿ ಮುಚ್ಚಲು ಹೋದೆ. ತಲೆ ಎತ್ತಿದರೆ ಎದುರಿಗೆ ಅಕ್ಕ. ಡಬ್ಬಿ ಖಾಲಿ, ಕೈಯಲ್ಲೊಂದು ತುತ್ತು.

"ಯಾಕವ್ವ ಮುಚ್ಚೀಯೆ? ನಿದಾನುಕ್ಕೆ ಉಣ್ಣು. ನಾನಿನ್ನೂ ಎದ್ದಿಲ್ಲ ಕಣಮ್ಮ."

ಉಣ್ಣುವವರನ್ನು ಒಬ್ಬರನ್ನೇ ಬಿಟ್ಟು ಏಳಬಾರದು ಎಂಬುದು ಅವಳ ಕಾಯಿದೆ. ಸೂಪರ್‌ವೈಸರ್ ಬಂದು ಕೂಗಾಡಿದರೆ, "ಉಣ್ಣೋರ್ ಮುಂದೆ ಕೂಗ್ಬಾರ್ದು ಸಾ, ಬತ್ತೀವಿ ಬುಡಿ" ಎನ್ನುತ್ತಿದ್ದಳು. ನನ್ನಿಂದ ಅವಳಿಗೆ ಬೈಗುಳ ತಪ್ಪಲಿಲ್ಲ.

ಬೇರೆಯವರು ಕೊಡಿಸಿದ್ದನ್ನು ತಿನ್ನುವುದಕ್ಕೂ ಒಂದು ದೊಡ್ಡ ಮನಸ್ಸು ಬೇಕು. ಮೊದಲ ಸಂಬಳದಲ್ಲಿ ನಾನು ಎಲ್ಲರನ್ನೂ ಮದ್ದೂರಿನ ಹೋಟೆಲಿಗೆ ಕರೆದಿದ್ದೆ. ವಡೆ, ಕಾಫಿ ಮುಗಿದದ್ದೇ ತಡ, ಪಾಪ ಇವಳೇನು ಕೊಟ್ಟಾಳು ಎಂದು ಒಬ್ಬೊಬ್ಬರೂ ಗಲ್ಲಾಪೆಟ್ಟಿಗೆಯತ್ತ ನುಗ್ಗಿದರು. ನನ್ನ ಮುಖ ಸಣ್ಣಗಾಯಿತು. ಅಕ್ಕ ಕೂತಲ್ಲಿಂದಲೇ ಗದರಿದಳು: "ಕೂತ್ಕಳ್ರಮ್ಮಿ! ಕರ್ದೋಳು ಅವ್ಳು, ಕೊಡೋಳೂ ಅವ್ಳೇ. ಗಲ್ಲಾ ಮುಂದೆ ಕುಸ್ತಿ ಆಡ್ಬ್ಯಾಡಿ." ಆಮೇಲೆ ಸಪ್ಲೈಯರನ್ನು ಕರೆದು, "ಇನ್ನೊಂದ್ ವಡೆ ತಾರಪ್ಪ, ಬಿಸೀದು. ನಮ್ಮುಡ್ಗಿ ಕೊಡುಸ್ತಾವ್ಳೆ" ಎಂದಳು. ಸಂಬಳ ಕೈಗೆ ಬಂದಾಗಲೂ ನನಗೆ ಅಷ್ಟು ಹಿಗ್ಗಾಗಿರಲಿಲ್ಲ.

ಅಂಥವಳ ಗಂಟಲಿಗೇ ಆ ಕೆಟ್ಟ ಕಾಯಿಲೆ ಬರಬೇಕೆ? ದೇವರ ಮೇಲೆ ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಕೆಲಸ ಬಿಟ್ಟು ಬೆಳಕವಾಡಿ ಹತ್ತಿರದ ತವರು ಸೇರಿದ್ದಳು. ಒಂದು ಭಾನುವಾರ ಮುದ್ದೆ, ಬಸ್ಸಾರು ಕಟ್ಟಿಕೊಂಡು ನೋಡಲು ಹೋದೆ. ನೀರೂ ಇಳಿಯದಷ್ಟು ಕೆಟ್ಟಿದೆ ಎಂದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಡಬ್ಬಿಯನ್ನು ಸೆರಗಿನಡಿ ಮುಚ್ಚಿಕೊಂಡೆ.

"ಬಿಚ್ಚು. ಇಬ್ರೂ ಉಣ್ಣವ" ಎಂದಳು. ದನಿ ಪಿಸುಮಾತಾಗಿತ್ತು. ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಆ ಸೀಳುಗುರಿನ ಬೆರಳಲ್ಲಿ ಹಿಡಿದು ಕೂತಳು. ನಾನು ಅಳುತ್ತಲೇ ಉಂಡೆ. ಜನ್ಮದಲ್ಲಿ ಅಷ್ಟು ನಿಧಾನವಾಗಿ ಉಂಡಿರಲಿಲ್ಲ. ನನ್ನದು ಮುಗಿದರೆ ಅವಳು ಆ ತುತ್ತನ್ನು ಕೆಳಗಿಡಬೇಕಲ್ಲ.

ಇಟ್ಟಳು. ಇನ್ನೊಂದು ತಿಂಗಳು ಕಳೆಯುವುದರೊಳಗೆ ಹೋಗಿಬಿಟ್ಟಳು.

ತಿಥಿಯ ಊಟಕ್ಕೆ ಹೆಂಗಸರ ಸಾಲಿನಲ್ಲಿ ಅವಳ ತಾಯಿಯ ಪಕ್ಕ ಕೂತೆ. ಯಾರೋ ಬಲವಂತ ಮಾಡಿ ಅವರನ್ನು ಎಲೆಯ ಮುಂದೆ ಕೂರಿಸಿದ್ದರು. ಅನ್ನ ಕಲಸುತ್ತಿದ್ದರೇ ಹೊರತು ಬಾಯಿಗಿಡುತ್ತಿರಲಿಲ್ಲ. ಸಾಲು ಎದ್ದುಹೋಯಿತು. ನಾನು ಒಂದು ತುತ್ತು ಹಿಡಿದು ಕೂತೇ ಇದ್ದೆ.

"ಏಳವ್ವ, ಎಲ್ರೂ ಎದ್ರಲ್ಲ" ಎಂದರು.

"ನೀವು ಉಣ್ಣಿ. ನಾನಿನ್ನೂ..." ಎಂದೆ.

ಅವರು ನನ್ನ ಕೈಯನ್ನೇ ನೋಡಿದರು.

"ಅವ್ಳಿಗೆ ಇದ ಕಲ್ಸಿದ್ದು ನಾನೇ ಕಣವ್ವ. ಈಗ ನೋಡು, ನಾನಿನ್ನೂ ಎಲೆ ಮುಂದೆ ಕೂತಿವ್ನಿ, ಅವ್ಳೇ ಎದ್ದೋದ್ಲು."